ಟ್ರಿನಿಡಾಡ್‌ನ್ಯಾಗ ಒಂದು ಸೆಮಿಸ್ಟರ್: ರಾಯಚೂರು ಬಿಡೂಕಿಂತ ಮೊದ್ಲ ಮುಗಿಸಬೇಕಾದ ಕೆಲಸ

ಕೆರಿಬಿಯನ್ ಅಂದ ಕೂಡ್ಲೆ ನಮ್ಮ ಕಡೆ ಎಲ್ರಿಗೂ ಕ್ರಿಕೆಟ್ಟು, ಸಮುದ್ರ ಇವೆರಡ ನೆನಪಾಗೋದು. ನಾನು ರಾಯಚೂರಾಗ ಅಗ್ರಿ ಓದೋ ಮುಂದ ಒಂದು ಸೆಮಿಸ್ಟರ್ ಟ್ರಿನಿಡಾಡ್‌ನ್ಯಾಗ, ಯೂನಿವರ್ಸಿಟಿ ಆಫ್ ದ ವೆಸ್ಟ್ ಇಂಡೀಸ್‌ನ ಸೇಂಟ್ ಆಗಸ್ಟೀನ್ ಕ್ಯಾಂಪಸ್‌ದಾಗ ಓದಿ ಬಂದೀನಿ, ಅಲ್ಲಿ ಹೋಗಾಕ ಏನೇನ್ ಮಾಡ್ಬೇಕು ಅಂತ ಜೂನಿಯರ್ಸ್ ದಿನಾ ಕೇಳ್ತಾರ, ಅದಕ್ಕ ಒಮ್ಮೆ ಕುಂತು ಎಲ್ಲಾ ಬರ್ದ್ ಹಾಕ್ತೀನಿ. ಮುಖ್ಯ ಮಾತು ಮೊದ್ಲ ಹೇಳ್ಬಿಡ್ತೀನಿ: ಅಲ್ಲಿ ಹೋದ್ಮ್ಯಾಲ ಬರೋ ತ್ರಾಸು ಸಣ್ಣವು, ಸೆಮಿಸ್ಟರ್ ಕೆಡೋದು ಇಲ್ಲೇ ಊರಾಗ ಕಾಗದ ಸರಿ ಮಾಡ್ಕೊಳ್ಳದ ಹೋದ್ರ.

ಆ ಕ್ಯಾಂಪಸ್ ಯಾಕಂದ್ರ, ಅದು 1922ರಾಗ ಕೃಷಿ ಕಾಲೇಜ್ ಆಗಿ ಶುರುವಾದ ಜಾಗ, 1960ರಾಗ ಯೂನಿವರ್ಸಿಟಿಗೆ ಸೇರ್ತು. ಅವ್ರ ಹತ್ರ ಇರೋ ಕೋಕೋ ತಳಿ ಸಂಗ್ರಹ ಜಗತ್ತಿನ ದೊಡ್ಡವುಗಳಾಗ ಒಂದು, ಭತ್ತ ಹತ್ತಿ ತೊಗರಿ ಬಿಟ್ರ ಬ್ಯಾರೆ ಬೆಳಿ ಹತ್ರದಿಂದ ನೋಡದ ನಮ್ಮಂಥವ್ರಿಗೆ ಆ ಗಿಡಗಳ ನಡುವ ನಿಂತು ಪಾಠ ಕೇಳೋದು ಬ್ಯಾರೇನ ಅನುಭವ. ಒಂದು ಸೆಮಿಸ್ಟರ್ ಆಗಸ್ಟ್ ಕೊನಿಗೆ ಶುರುವಾಗ್ತದ, ಇನ್ನೊಂದು ಜನವರಿಗೆ. ನನ್ನ ಕೇಳಿದ್ರ ಜನವರಿದು ಹಿಡೀರಿ, ಆಗ ಮಳಿ ಕಡಿಮಿ, ಹೊಲಕ್ಕ ಫೀಲ್ಡ್ ವಿಸಿಟ್ ಹೋಗಾಕ ಚಲೋ, ಅಲ್ಲಿನ ದೊಡ್ಡ ಹಬ್ಬ ಕಾರ್ನಿವಲ್ಲೂ ಅದ ಹೊತ್ತಿಗೆ ಬರ್ತದ.

ಈಗ ಕ್ರೆಡಿಟ್ ವಿಷಯ, ಇದನ್ನ ಎರಡ್ ಸಲ ಓದ್ರಿ. ಅಲ್ಲಿ ಒಂದು ಕೋರ್ಸ್ ಸಾಮಾನ್ಯವಾಗಿ 3 ಕ್ರೆಡಿಟ್, ಐದು ಕೋರ್ಸ್ ತಗೊಂಡ್ರ ಫುಲ್ ಆಗ್ತದ. ಪ್ರತಿ ಕೋರ್ಸಿನ ಸಿಲಬಸ್ ಪ್ರಿಂಟ್ ತಗೊಂಡು, ಇಲ್ಲಿನ ಯಾವ ಪೇಪರ್‌ಗೆ ಅದು ಸಮ ಅಂತ ನಿಮ್ಮ ಡಿಪಾರ್ಟ್‌ಮೆಂಟಿನಿಂದ ಬರವಣಿಗಿಯೊಳಗ ಸಹಿ, ಸೀಲು, ತಾರೀಖು ಸಮೇತ ತಗೋರಿ. ನಾನು ನಾಲ್ಕಕ್ಕ ತಗೊಂಡಿದ್ದೆ, ಮಣ್ಣಿನ ಕೋರ್ಸ್ ಒಂದಕ್ಕ "ಹೋಗಿ ಬಾ, ಆಮ್ಯಾಲ ನೋಡೋಣು" ಅಂದ್ರು, ನಾನೂ ನಂಬಿ ಹೋದೆ, ವಾಪಸ್ ಬಂದ್ಮ್ಯಾಲ ಅದು ಹೊಂದಂಗಿಲ್ಲ ಅಂತ ಆ ಪೇಪರ್ ಮತ್ತ ಇಲ್ಲಿ ಕುಂತು ಬರೀಬೇಕಾತು. ನನಗ ಇವತ್ತಿಗೂ ಅದರ ಸಂಕಟ ಅದ. ಅದಕ್ಕ ಐದಲ್ಲ, ಏಳು ಕೋರ್ಸಿಗೆ ಒಪ್ಪಿಗಿ ತಗೊಂಡಿರ್ರಿ, ಯಾಕಂದ್ರ ಅಲ್ಲಿ ಟೈಮ್‌ಟೇಬಲ್ ಕ್ಲ್ಯಾಶ್ ಆದ್ರ ಕೋರ್ಸ್ ಬದಲಿ ಮಾಡಾಕ ಬೇಕಾಗ್ತದ.

ಎರಡನೇದು ಹಳದಿ ಜ್ವರದ ಇಂಜೆಕ್ಷನ್, ಯೆಲ್ಲೋ ಫೀವರ್ ಅಂತಾರಲ್ಲ ಅದು. ಆ ಜ್ವರದ ಭಯ ಇರೋ ದೇಶಗಳ ಪಟ್ಟಿಯಾಗ ಟ್ರಿನಿಡಾಡ್ ಅದ. ಸರ್ಟಿಫಿಕೇಟ್ ಇಲ್ಲದ ವಾಪಸ್ ಬಂದ್ರ ನಮ್ಮ ದೇಶದ ಏರ್‌ಪೋರ್ಟ್‌ನ್ಯಾಗ ನಿಮ್ಮನ್ನ ಆರು ದಿನದ ತನಕ ಕ್ವಾರಂಟೈನ್‌ನ್ಯಾಗ ಇಡಬಹುದು. ಇಂಜೆಕ್ಷನ್ ತಗೊಂಡು 10 ದಿನ ಆದ್ಮ್ಯಾಲನ ಅದು ಲೆಕ್ಕಕ್ಕ ಬರ್ತದ, ಒಮ್ಮೆ ತಗೊಂಡ್ರ ಜೀವಮಾನ ಸಾಕು. ನಮ್ಗ ಹತ್ರ ಅಂದ್ರ ಹೈದರಾಬಾದಿನ ನಾರಾಯಣಗೂಡದಾಗ ಇರೋ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಯಾವ ದಿನ ಹಾಕ್ತಾರ ಅಂತ ಮೊದ್ಲ ಕೇಳ್ಕೊಂಡು ಹೋಗ್ರಿ, ಪಾಸ್‌ಪೋರ್ಟ್ ಮರೀಬ್ಯಾಡ್ರಿ.

ಇಲ್ಲಿಂದ ಸೀದಾ ವಿಮಾನ ಇಲ್ಲ. ಅಮೆರಿಕ ಮ್ಯಾಲಿಂದ ಟಿಕೆಟ್ ಅಗ್ಗ ಸಿಗ್ತದ ಅಂತ ಬುಕ್ ಮಾಡ್ಬ್ಯಾಡ್ರಿ, ಎರಡು ತಾಸು ಇಳಿದು ಹತ್ತಿದ್ರೂ ನಮ್ಮ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕು. ಬ್ಯಾರೆ ದೇಶದ ಮ್ಯಾಲ ಹೋದ್ರೂ ಅಲ್ಲಿನ ರೂಲ್ಸ್ ನೋಡೇ ದುಡ್ಡು ಕಟ್ರಿ. ಟ್ರಿನಿಡಾಡ್‌ಗೆ 90 ದಿನ ವೀಸಾ ಬೇಕಿಲ್ಲ ಅಂತಾರ, ಅದು ತಿರುಗಾಡಾಕ ಹೋಗೋರಿಗೆ, ಸೆಮಿಸ್ಟರ್ ಅದಕ್ಕಿಂತ ಉದ್ದ, ಸ್ಟೂಡೆಂಟ್ ಪರ್ಮಿಟ್ ಆಗ್ಬೇಕು, ಅಡ್ಮಿಷನ್ ಲೆಟರ್ ಬಂದ ದಿನಾನ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕ್ರಿ.

ರೊಕ್ಕ ಅಮೆರಿಕನ್ ಡಾಲರ್‌ನ್ಯಾಗ ಒಯ್ರಿ, ಸ್ವಲ್ಪ ಕ್ಯಾಶು, ಉಳಿದಿದ್ದು ಫಾರೆಕ್ಸ್ ಕಾರ್ಡ್. ಎಲ್ಲಾ ಒಮ್ಮಿಗೆ ಅಲ್ಲಿನ ಡಾಲರ್ ಮಾಡ್ಸಬ್ಯಾಡ್ರಿ, ಅಲ್ಲಿ ಬ್ಯಾಂಕಿನಾಗ ಅಮೆರಿಕನ್ ಡಾಲರ್ ಸಿಗೋದು ಭಾಳ ಕಷ್ಟ, ಉಳಿದ್ರ ತಿರುಗಿ ಮಾಡ್ಸಾಕ ಆಗಂಗಿಲ್ಲ. ಕರೆಂಟು 115 ವೋಲ್ಟ್, ಪಿನ್ ಚಪ್ಪಟಿ. ಲ್ಯಾಪ್‌ಟಾಪ್ ಚಾರ್ಜರ್ ಅಡಾಪ್ಟರ್ ಹಾಕಿದ್ರ ನಡೀತದ, ಮನಿಯಿಂದ ಮಿಕ್ಸಿ ಒಯ್ದ್ರ ನಡೆಯಂಗಿಲ್ಲ. ಶೇಂಗಾ ಚಟ್ನಿಪುಡಿ ಪ್ಯಾಕ್ ಮಾಡ್ಸಿ ಒಯ್ದು ಕಸ್ಟಮ್ಸ್‌ನ್ಯಾಗ ಹೇಳ್ರಿ, ಆದ್ರ ಬೀಜ, ಮಣ್ಣು, ಹಸಿ ಸೊಪ್ಪು ಬ್ಯಾಡ, ಅಗ್ರಿ ಓದೋರಿಗೆ ಯಾಕಂತ ನಾ ಹೇಳ್ಬೇಕಿಲ್ಲ.

ಅಲ್ಲಿ ಇಳಿದ್ಮ್ಯಾಲ ಮೊದ್ಲ ಕಲೀಬೇಕಾದ್ದು ನಮಸ್ಕಾರ. ಅಂಗಡಿ ಹೊಕ್ಕರೂ, ಗಾಡಿ ಹತ್ತಿದ್ರೂ "ಗುಡ್ ಮಾರ್ನಿಂಗ್" ಅನ್ನದ ಮಾತು ಶುರು ಮಾಡಿದ್ರ ಸೊಕ್ಕು ಅಂತ ತಿಳ್ಕೋತಾರ. ಕತ್ತಲಾದ್ಮ್ಯಾಲ ಭೇಟಿ ಆದ ಕೂಡ್ಲೇನ "ಗುಡ್ ನೈಟ್" ಅಂತಾರ, ಅದು ಹೋಗಿ ಬರ್ತೀನಿ ಅನ್ನೋದಲ್ಲ, ಬರ್ರಿ ಅನ್ನೋದು. ಇನ್ನೊಂದು, ನಮ್ಮಂಗ ಕಾಣೋರು ಭಾಳ ಮಂದಿ ಇರ್ತಾರ, ಅವ್ರಿಗೆ "ಇಂಡಿಯಾದಿಂದ ಯಾವಾಗ ಬಂದ್ರಿ" ಅಂತ ಕೇಳ್ಬ್ಯಾಡ್ರಿ. 1845ರ ಮೇ 30ಕ್ಕ ನಮ್ಮ ದೇಶದ ಮಂದಿನ್ನ ಹೊತ್ತು ಫತೆಲ್ ರಜಾಕ್ ಅನ್ನೋ ಹಡಗು ಮೊದ್ಲ ಅಲ್ಲಿಗೆ ಬಂತು, 1917ರ ತನಕ 1.4 ಲಕ್ಷಕ್ಕಿಂತ ಹೆಚ್ಚು ಮಂದಿನ್ನ ಕಬ್ಬಿನ ಗದ್ದಿ ಕೂಲಿಗೆ ಕರ್ಕೊಂಡು ಹೋದ್ರು. ಆ ದೇಶ ಅವ್ರದು, ಆಫ್ರಿಕಾದಿಂದ ಗುಲಾಮರಾಗಿ ತಂದ ಮಂದಿಯ ಮಕ್ಕಳದೂ ಅದ ದೇಶ. ನಮ್ಮವ್ರು ಕೆಲವ್ರು ಬಣ್ಣ ನೋಡಿ ಗೆಳೆತನ ಮಾಡೋದು ಕಂಡೀನಿ, ದಯಮಾಡಿ ಹಂಗ ಮಾಡ್ಬ್ಯಾಡ್ರಿ, ನನಗ ಜ್ವರ ಬಂದಾಗ ಮೂರು ದಿನ ಗಂಜಿ ಕಾಸಿ ಕೊಟ್ಟಾಕಿ ಆಫ್ರಿಕನ್ ಮೂಲದ ರೂಮ್‌ಮೇಟ್.

ಊಟದ ಚಿಂತಿ ಬ್ಯಾಡ. ಜೋಳದ ರೊಟ್ಟಿ ಸಿಗಂಗಿಲ್ಲ ಅಷ್ಟ. ದಾಲ್‌ಪುರಿ ಅಂತ ಒಂದು ರೊಟ್ಟಿ, ನಮ್ಮ ಹೋಳಿಗಿಯಿಂದ ಬೆಲ್ಲ ತೆಗೆದು ಜೀರಿಗಿ ಹಾಕಿದ್ರ ಹೆಂಗೋ ಹಂಗ. ಬೈಗನ್ ಚೋಕಾ ಅಂದ್ರ ಬದನಿಕಾಯಿ ಬೆಂಕಿಮ್ಯಾಲ ಸುಟ್ಟು ಬಳ್ಳೊಳ್ಳಿ ಹಾಕಿ ಕಲಸಿದ್ದು, ಮೊದಲ್ನೇ ಸಲ ತಿಂದಾಗ ಅವ್ವನ ಒಲಿ ವಾಸನಿ ಬಂದು ಕಣ್ಣಾಗ ನೀರು ಬಂತು. ಅಲಸಂದಿ ಕಾಯಿಗೆ ಬೋಡಿ ಅಂತಾರ, ಜೀರಿಗಿಗೆ ಗೀರಾ. ಕ್ಯಾಂಪಸ್ ಮಗ್ಗಲ ಕ್ಯುರೆಪ್ ಅನ್ನೋ ಊರು ಅದ, ಮುಂಜಾನೆ ಅಲ್ಲಿ ಡಬಲ್ಸ್ ತಿನ್ರಿ, ಅರಿಶಿಣ ಹಾಕಿ ಎಣ್ಣ್ಯಾಗ ಕರಿದ ಎರಡು ಮೆತ್ತನ ರೊಟ್ಟಿ, ಅದಕ್ಕ ಬಾರಾ ಅಂತಾರ, ನಡುವ ಕಡ್ಲಿ ಸಾರು. ಖಾರ ಎಷ್ಟು ಅಂತ ಕೇಳ್ತಾರ, ಗುಂಟೂರು ಮೆಣಸಿನಕಾಯಿ ತಿಂದ ನಾಲಿಗಿ ಅಂತ ಧೈರ್ಯ ಮಾಡ್ಬ್ಯಾಡ್ರಿ, "ಸ್ಲೈಟ್" ಅನ್ರಿ, ಅಂದ್ರ ಸ್ವಲ್ಪ ಸಾಕು ಅಂತ.

ಓಡಾಡಾಕ ಮ್ಯಾಕ್ಸಿ ಟ್ಯಾಕ್ಸಿ, ನಮ್ಮ ಟಂಟಂ ಗಾಡಿ ಇದ್ದಂಗ ಆದ್ರ ದೊಡ್ಡದು, ಸೇಂಟ್ ಆಗಸ್ಟೀನ್‌ಗೆ ಕೆಂಪು ಪಟ್ಟಿದು ಹತ್ತಬೇಕು, ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ್ಯಾಗ ಸಿಟಿ ಗೇಟ್‌ದಾಗ ಸಿಗ್ತಾವು. ಕತ್ತಲಾದ್ಮ್ಯಾಲ ಒಬ್ರ ತಿರುಗಬ್ಯಾಡ್ರಿ, ಕ್ಯಾಂಪಸ್ ಶಟಲ್ ಬಳಸ್ರಿ, ಅಲ್ಲಿ ಅಪರಾಧ ಇರೋದು ಖರೆ. ಒಂದಿನ ಕ್ವೀನ್ಸ್ ಪಾರ್ಕ್ ಓವಲ್ ನೋಡಿ ಬರ್ರಿ, 1976ರಾಗ ಭಾರತ 403 ರನ್ ಬೆನ್ನಟ್ಟಿ ಗೆದ್ದ ಮೈದಾನ ಅದ, ನಮ್ಮ ಜಿ. ಆರ್. ವಿಶ್ವನಾಥ್ ಆವತ್ತು 112 ಹೊಡೆದಿದ್ರು.

ಮನಿಗೆ ಫೋನ್ ಮಾಡಾಕ ಅಲ್ಲಿನ ರಾತ್ರಿ ಎಂಟೂವರಿ ಚಲೋ ಟೈಮ್, ಟ್ರಿನಿಡಾಡ್ ನಮಗಿಂತ ಒಂಬತ್ತೂವರಿ ತಾಸು ಹಿಂದ, ರಾಯಚೂರಾಗ ಆಗ ಮುಂಜಾನೆ ಆರು, ಅವ್ವ ಎದ್ದು ಅಂಗಳಕ್ಕ ನೀರು ಹಾಕ್ತಿರ್ತಾಳ.

ವಾಪಸ್ ಬರೋ ಮುಂದ ಅಲ್ಲಿನ ಮಾರ್ಕ್ಸ್ ದಾಖಲೆ, ಅಂದ್ರ ಟ್ರಾನ್ಸ್‌ಕ್ರಿಪ್ಟ್‌ಗೆ ಅಲ್ಲೇ ಅರ್ಜಿ ಹಾಕಿ ಫೀ ಕಟ್ಟಿ ಬರ್ರಿ, ಇಲ್ಲಿಂದ ಬೆನ್ನು ಹತ್ತಿದ್ರ ತಿಂಗಳಗಟ್ಟಲೆ ಹಿಡೀತದ. ಹಳದಿ ಜ್ವರದ ಸರ್ಟಿಫಿಕೇಟ್ ಆದ ಹಳದಿ ಕಾರ್ಡು ಮಾತ್ರ ಸೂಟ್‌ಕೇಸಿನಾಗ ಹಾಕ್ಬ್ಯಾಡ್ರಿ, ಪಾಸ್‌ಪೋರ್ಟ್ ಜೋಡಿ ಕೈಚೀಲದಾಗ ಇಟ್ಕೋರಿ.