ಸೌದೆ ಒಲೆ ಕೀಳುವ ಮೊದಲು ಒಂದು ಮಳೆಗಾಲ ನೋಡಿ

ಮನೆ ರಿಪೇರಿಗೆ ಕೈ ಹಾಕಿದ ಮಕ್ಕಳೆಲ್ಲ ಕೇಳುವುದು ಇದನ್ನೇ: ಸೌದೆ ಒಲೆ ಇರಲಾ, ಮನೆಯ ಹಿಂಬದಿಗೆ ಹಾಕಿಸಲಾ, ಕಿತ್ತೇ ಬಿಡಲಾ? ಕೊಡಗಿನಲ್ಲಿ ಇದನ್ನು ಬೇಸಿಗೆಯಲ್ಲಿ ತೀರ್ಮಾನ ಮಾಡಬೇಡಿ. ಏಪ್ರಿಲ್‌ನಲ್ಲಿ ಬರೀ ಮಸಿ ಕಣ್ಣಿಗೆ ಬೀಳುತ್ತದೆ. ಜುಲೈನಲ್ಲಿ ಕರೆಂಟು ಹೋಗಿ, ದಾರಿಗೆ ಮರ ಬಿದ್ದು ಸಿಲಿಂಡರ್ ಗಾಡಿ ಬಾರದೆ ಇದ್ದಾಗ ಒಲೆಯ ಬೆಲೆ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಷ್ಟೋ ಊರುಗಳಿಗೆ ದಾರಿಯೇ ಇರಲಿಲ್ಲ, ನೆನಪಿದೆ ಅಲ್ವಾ?

ಹಾಗಂತ ಹೊಗೆ ಒಳಗೇ ಸುತ್ತುತ್ತಿದ್ದರೆ ಸುಮ್ನೆ ಇರಬಾರದು. ಅಡುಗೆ ಮಾಡುವವರ ಕಣ್ಣು, ಎದೆ ಎರಡೂ ಕೆಡುತ್ತವೆ. ಮನೆಯಲ್ಲಿ ಪುಟ್ಟ ಮಗುವೋ ದಮ್ಮು ಇರುವವರೋ ಇದ್ದರಂತೂ ಒಲೆ ಒಳಗೆ ಬೇಡವೇ ಬೇಡ. ಬೇರೆಯವರು ಮೊದಲು ಹೊಗೆಗೂಡು ನೋಡಿಸಿ. ಎಷ್ಟೋ ಕಡೆ ತಪ್ಪು ಒಲೆಯದಲ್ಲ, ಹೊಗೆಗೂಡಿನದು. ಅದು ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲಿರಬೇಕು. ಗಿಡ್ಡ ಇದ್ದರೆ ಪಶ್ಚಿಮದ ಗಾಳಿ ಹೊಗೆಯನ್ನು ಒಳಗೇ ತಳ್ಳುತ್ತದೆ. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಟಾರಿನಂತೆ ಅಂಟು ಕೂರುತ್ತದೆ, ಅದಕ್ಕೆ ಬೆಂಕಿ ಹತ್ತುವುದೂ ಉಂಟು. ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗಲೇ ಅದನ್ನೂ ಕೆರೆಸಿಬಿಡಿ. ಕಾಫಿ ಗಿಡ, ಸಿಲ್ವರ್ ಓಕ್‌ನಿಂದ ಸವರಿ ತೆಗೆದ ಕೊಂಬೆಗಳನ್ನು ಮಾಡಿನಡಿ ಒಟ್ಟಿ, ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೆಯೇ ಉರಿಸಿ.

ನನ್ನನ್ನು ಕೇಳಿದರೆ ಜಾಸ್ತಿ ಮನೆಗಳಿಗೆ ಹೊಂದುವುದು ಒಲೆಯನ್ನು ಹಿಂದಕ್ಕೆ, ಬಚ್ಚಲಿನ ಪಕ್ಕಕ್ಕೆ ಹಾಕಿಸುವುದು. ಹಂಡೆಗೆ ಹೇಗೂ ಉರಿ ಬೇಕು. ಅಡುಗೆಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ ಕಾಯಿಸುವವರಿಗೆ ಇನ್ನೂ ಬೇಕು. ಪಣಪುಳಿ ಹಣ್ಣಿನ ರಸ ಕಪ್ಪಗೆ, ಗಟ್ಟಿಯಾಗಿ ಬತ್ತುವ ತನಕ ಗಂಟೆಗಟ್ಟಲೆ ಕುದಿಯಬೇಕು, ಗ್ಯಾಸಿನಲ್ಲಿ ಯಾರು ಮಾಡುತ್ತಾರೆ? ಒಲೆಗೆ ಇರಿಚಲು ಹೊಡೆಯದ ಮೂಲೆ ಆರಿಸಿ. ಹೊಗೆಯ ತಗಡಿನ ಕೊಳವೆಗೂ ಮರದ ಪಕಾಸಿಗೂ ಒಂದೂವರೆ ಅಡಿ ಅಂತರ ಇರಲಿ. ಗ್ಯಾಸ್ ಸಿಲಿಂಡರ್ ಆ ಕೋಣೆಯಲ್ಲಿ ಖಂಡಿತ ಬೇಡ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಉರಿಯನ್ನು ಮುಟ್ಟುತ್ತದೆ.

ಕಿತ್ತೇ ಬಿಡುವುದಾದರೆ ಮಳೆಗೆ ಮೊದಲು ಕೀಳಿಸಿ, ಮಾಡಿನ ತೂತನ್ನು ಸರಿಯಾಗಿ ಮುಚ್ಚಿಸಿ. ಆಮೇಲೆ ಚಳಿ ಅಂತ ಬಾಣಲೆಯಲ್ಲಿ ಕೆಂಡ ತಂದು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಡಿ, ದಮ್ಮಯ್ಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಇನ್ನೊಂದು ವಿಷಯ. ಇಷ್ಟು ವರ್ಷ ಅಟ್ಟದ ಮರಕ್ಕೆ ಹುಳ ಬಾರದಂತೆ ಕಾದದ್ದು ಆ ಹೊಗೆ. ಒಲೆ ಹೋದ ಮೇಲೆ ಪ್ರತಿ ಮಳೆಗಾಲ ಮುಗಿದಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ. ತೊಲೆಯ ಕೆಳಗೆ ಹಿಟ್ಟಿನಂಥ ಮರದ ಪುಡಿ ಬಿದ್ದಿದ್ದರೆ ಆ ವಾರವೇ ಆಚಾರಿಯನ್ನು ಕರೆಸಿ.