ವಾರಕ್ಕೆ ಎಂಟೇ ಪದ: ಇಂಗ್ಲಿಷ್ ಪದಗಳನ್ನು ನಾನು ಕಲಿಸುವ ಬಗೆ

ಪಾಠದ ಹೊಸ ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಎದುರಿಗೆ ಕನ್ನಡ ಅರ್ಥ ಕೊಟ್ಟು, ಐದೈದು ಸಲ ಬರೆಸಿದರೆ ನೋಟ್‌ಬುಕ್ಕೇನೋ ತುಂಬುತ್ತದೆ. ಮುಂದಿನ ವಾರ ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮೊದಲ ಸಾಲು ಕಣ್ಣೆದುರೇ ಇರುವಾಗ ಉಳಿದ ನಾಲ್ಕು ಸಾಲು ಬರೀ ನಕಲು, ನೆನಪಿಗೆ ಅಲ್ಲಿ ಕೆಲಸವೇ ಇಲ್ಲ. ಅದಕ್ಕೇ ಪದಗಳಿಗೆಂದು ಇಟ್ಟ ಸಮಯದ ದೊಡ್ಡ ಪಾಲನ್ನು ನಾನು ಹಳೆಯ ಪದಗಳನ್ನು ಮತ್ತೆ ಮತ್ತೆ ನೆನಪು ಮಾಡಿಸುವುದಕ್ಕೆ ಕೊಡುತ್ತೇನೆ. ಹೊಸ ಪದ ವಾರಕ್ಕೆ ಎಂಟು ಮಾತ್ರ.

ಎಂಟೇ ಯಾಕೆ ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ಪದ ನಿಲ್ಲಬೇಕಾದರೆ ಅದನ್ನು ಕನಿಷ್ಠ ಐದು ಸಲವಾದರೂ, ನಡುವೆ ಅಂತರ ಬಿಟ್ಟು, ಕೇಳಬೇಕು: ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮೂರು ವಾರ ಬಿಟ್ಟು, ಎರಡು ತಿಂಗಳು ಬಿಟ್ಟು. ಕಲಿತದ್ದು ಮೊದಲ ದಿನಗಳಲ್ಲೇ ವೇಗವಾಗಿ ಮರೆಯುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ಮೊದಲ ಎರಡು ಸುತ್ತು ಹತ್ತಿರ ಹತ್ತಿರ ಇರುವುದು ಅದಕ್ಕೇ. ವಾರಕ್ಕೆ ಎಂಟು ಪದ, ಪದಕ್ಕೆ ಐದು ಸುತ್ತು ಎಂದರೆ ಎರಡು ಮೂರು ತಿಂಗಳಾದ ಮೇಲೆ ಸುಮಾರಾಗಿ ವಾರಕ್ಕೆ 40 ಪ್ರಶ್ನೆ. ಐದು ಪೀರಿಯಡ್ಡಿಗೆ ಹಂಚಿದರೆ ದಿನಕ್ಕೆ ಎಂಟು. ಒಂದಕ್ಕೆ ಅರ್ಧ ನಿಮಿಷದಂತೆ ನಾಲ್ಕು ನಿಮಿಷ. ಅದೇ ವಾರಕ್ಕೆ ಹದಿನೈದು ಪದ ಇಟ್ಟುಕೊಂಡರೆ ದಿನಕ್ಕೆ ಹದಿನೈದು ಪ್ರಶ್ನೆ, ಜೊತೆಗೆ ಮಕ್ಕಳು ತಪ್ಪಿದ್ದರಿಂದ ಮತ್ತೆ ಮೊದಲಿನಿಂದ ಕೇಳಬೇಕಾದವು. ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ, ಪಾಠ ಹಿಂದೆ ಬೀಳುತ್ತದೆ, ಕೊನೆಗೆ ಬಿಟ್ಟುಹೋಗುವುದು ಈ ಪುನರಾವರ್ತನೆಯೇ.

ಎಂಟನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಪಾಠದಲ್ಲಿ ಇಪ್ಪತ್ತು ಅಪರಿಚಿತ ಪದಗಳಿದ್ದರೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಬೇರೆ ಪಾಠದಲ್ಲಿ, ಬೇರೆ ಮಾತಿನಲ್ಲಿ ಮತ್ತೆ ಸಿಗುತ್ತದೆಯೇ? ಕಾಡಿನ ಪಾಠದಲ್ಲಿ 'ಆಂಟ್ಲರ್' ಮತ್ತು 'ಅವಾಯ್ಡ್' ಎರಡೂ ಇದ್ದರೆ ಆಂಟ್ಲರ್ ಎಂದರೆ ಜಿಂಕೆಯ ಕವಲುಕೊಂಬು ಎಂದು ಕನ್ನಡದಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಅವಾಯ್ಡ್ ಎಂಟರಲ್ಲಿ ಸೇರುತ್ತದೆ. ಅನುಮಾನವಿದ್ದಾಗ ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಪದಗಳ ಪಟ್ಟಿ ನೋಡಬಹುದು. ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ ಜನರಲ್ ಸರ್ವಿಸ್ ಲಿಸ್ಟ್‌ನಲ್ಲಿ ಸುಮಾರು 2,000 ಮೂಲಪದಗಳಿವೆ, 2013ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಸುಮಾರು 2,800. ಪಾಠದ ಪದ ಅದರಲ್ಲಿದ್ದರೆ ಕಣ್ಣು ಮುಚ್ಚಿ ಸೇರಿಸಬಹುದು.

ಒಂದೇ ವಾರ ಒಂದರ ಪಕ್ಕ ಒಂದು ಇಡಬಾರದ ಪದಗಳೂ ಇವೆ. ವಿರುದ್ಧಪದಗಳನ್ನು ಜೋಡಿಯಾಗಿ ಕಲಿಸುವುದು ನೋಡಲು ಅಚ್ಚುಕಟ್ಟು, ಪರಿಣಾಮದಲ್ಲಿ ಗೊಂದಲ. 'ಬಾರೋ' (ಸಾಲ ಪಡೆ) ಮತ್ತು 'ಲೆಂಡ್' (ಸಾಲ ಕೊಡು) ಒಟ್ಟಿಗೆ ಹೇಳಿಕೊಟ್ಟರೆ, ಎರಡೂ ಸಾಲಕ್ಕೆ ಸಂಬಂಧಿಸಿದ್ದು ಎಂಬುದು ನೆನಪಿರುತ್ತದೆ, ಯಾವುದು ಯಾರ ಕಡೆಯದು ಎಂಬುದು ಅದಲುಬದಲಾಗುತ್ತದೆ. ಬಾರೋ ಮೊದಲು, 'ಫ್ರಮ್' ಸಮೇತ. ಅದು ಮೂರನೆಯ ಸುತ್ತು ದಾಟಿದ ಮೇಲೆ ಲೆಂಡ್.

ಪರಿಚಯಿಸುವಾಗ ನನ್ನ ಕ್ರಮ: ಮೊದಲು ಕಿವಿಗೆ, ಆಮೇಲೆ ಅರ್ಥ, ಕೊನೆಗೆ ಕಾಗುಣಿತ. ಬರಹ ಮೊದಲು ಕಂಡರೆ ಮಕ್ಕಳು ಅಕ್ಷರ ಕೂಡಿಸಿ ಓದುತ್ತಾರೆ. 'ಕಂಫರ್ಟಬಲ್' ಆಗ 'ಕಂಫರ್‌ಟೇಬಲ್' ಆಗಿ ಕೂತರೆ ಏಳಿಸುವುದು ಕಷ್ಟ. ಎರಡು ಮೂರು ಸಲ ಹೇಳಿಸಿ, ಒತ್ತು ಬೀಳುವ ಭಾಗದಲ್ಲಿ ಒಂದು ಚಪ್ಪಾಳೆ. ಬೋರ್ಡಿಗೆ ಬಂದಾಗ ಅದೇ ಭಾಗದ ಮೇಲೆ ಒಂದು ಚುಕ್ಕೆ.

ಅರ್ಥವನ್ನು ಕನ್ನಡದಲ್ಲಿ ಹೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಹತ್ತು ಸೆಕೆಂಡಿನಲ್ಲಿ ಮುಗಿಯುವುದಕ್ಕೆ ಐದು ನಿಮಿಷ ಅಭಿನಯ ಮಾಡಬೇಕಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಬಾರದು, ಪದದ ಗಡಿ ಎಲ್ಲಿದೆ ಎಂದು ತೋರಿಸಬೇಕು. 'ರಿಲಕ್ಟಂಟ್' ತೆಗೆದುಕೊಳ್ಳಿ. 'ಮನಸ್ಸಿಲ್ಲದ' ಎಂದು ಹೇಳಿ ಬಿಟ್ಟರೆ ಕೆಲಸವನ್ನೇ ಮಾಡದವನೂ ಮಕ್ಕಳ ಲೆಕ್ಕದಲ್ಲಿ ರಿಲಕ್ಟಂಟ್. ಪೆನ್ನು ಕೇಳುತ್ತೇನೆ, ಒಬ್ಬ ಹಿಂದೆ ಮುಂದೆ ನೋಡುತ್ತ ಕೊಡುತ್ತಾನೆ. ಕೊಟ್ಟನೇ? ಕೊಟ್ಟ. ಕೊಡುವ ಮನಸ್ಸಿತ್ತೇ? ಇರಲಿಲ್ಲ. ಇವನು ರಿಲಕ್ಟಂಟ್. ಇನ್ನೊಬ್ಬಳು 'ಕೊಡೋದಿಲ್ಲ ಸರ್' ಎಂದು ಪೆನ್ನು ಬ್ಯಾಗಿಗೆ ಹಾಕುತ್ತಾಳೆ. ಇವಳಿಗೆ ಆ ಪದ ಹೊಂದುವುದಿಲ್ಲ, ಇದು 'ರಿಫ್ಯೂಸ್'. ಹೌದು-ಇಲ್ಲದ ಈ ಎರಡು ಪ್ರಶ್ನೆ, ಹೊಂದುವ ಒಂದು ಉದಾಹರಣೆ, ಹೊಂದದ ಒಂದು. ಎಲ್ಲಾ ಸೇರಿ ಮೂರು ನಿಮಿಷ. 'ಅರ್ಥ ಆಯ್ತಾ?' ಎಂದು ಮಾತ್ರ ಕೇಳುವುದಿಲ್ಲ, ಅದಕ್ಕೆ ಉತ್ತರ ಯಾವಾಗಲೂ 'ಆಯ್ತು ಸರ್'.

ಪರಿಚಯವಾದ ಪದ ಅಂದೇ ಒಂದು ಕಾರ್ಡಿಗೆ ಹೋಗುತ್ತದೆ. ಎ4 ರಟ್ಟನ್ನು ಎಂಟು ಭಾಗ ಮಾಡಿದರೆ ಸರಿಯಾದ ಅಳತೆ, ಒಂದು ಹಾಳೆಗೆ ಒಂದು ವಾರ. ಮುಂದೆ ಇಂಗ್ಲಿಷ್ ಪದ ಮತ್ತು ಒತ್ತಿನ ಚುಕ್ಕೆ. ಹಿಂದೆ ಆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಮೂಲೆಯಲ್ಲಿ ಸಣ್ಣದಾಗಿ ಕನ್ನಡ ಅರ್ಥ. ಪೆಟ್ಟಿಗೆಯಲ್ಲಿ ಐದು ಖಾನೆ, ಸುತ್ತಿಗೊಂದು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಒಬ್ಬೊಬ್ಬರೇ ಕಲಿಯುವವರಿಗೆ ಸೂಚಿಸಿದ ಕಾರ್ಡ್ ಪೆಟ್ಟಿಗೆಯನ್ನೇ ಇಡೀ ತರಗತಿಗೆ ಹೊಂದಿಸಿಕೊಂಡದ್ದು ಇದು. ಪೀರಿಯಡ್ ಶುರುವಾದ ಕೂಡಲೇ ಹಿಂಬದಿಯ ವಾಕ್ಯ ಓದುತ್ತೇನೆ. ಎಲ್ಲರೂ ಮಾತಿಲ್ಲದೆ ರಫ್ ಹಾಳೆಯಲ್ಲಿ ಪದ ಬರೆಯಬೇಕು, ಹತ್ತು ಸೆಕೆಂಡಾದ ಮೇಲೆ ಹಾಳೆ ಮೇಲೆತ್ತಬೇಕು. ಒಟ್ಟಾಗಿ ಕೂಗಿಸಿದರೆ ಗೊತ್ತಿರುವ ಆರು ಮಂದಿಯ ದನಿಯಲ್ಲಿ ಉಳಿದವರು ಮರೆಯಾಗುತ್ತಾರೆ. ನಾಲ್ವರಲ್ಲಿ ಮೂವರಾದರೂ ಸರಿ ಬರೆದಿದ್ದರೆ ಕಾರ್ಡು ಮುಂದಿನ ಖಾನೆಗೆ, ಇಲ್ಲದಿದ್ದರೆ ಮೊದಲ ಖಾನೆಗೆ. ಈ ಹೊತ್ತಿನಲ್ಲಿ ಕಾಗುಣಿತದ ಸಣ್ಣ ತಪ್ಪು ಹಿಡಿಯುವುದಿಲ್ಲ. ಮೂರು ಸಲ ಮೊದಲ ಖಾನೆಗೆ ಮರಳಿದ ಕಾರ್ಡಿನ ವಾಕ್ಯವನ್ನೇ ಬದಲಿಸಬೇಕು. ಬಹುತೇಕ ಆ ಖಾಲಿ ಜಾಗಕ್ಕೆ ಇನ್ನೂ ಎರಡು ಪದ ಹೊಂದುವಂತಿರುತ್ತದೆ.

ಐದನೆಯ ಖಾನೆ ದಾಟಿದ ಪದವನ್ನು ಗುರುತಿಸಲು ಬಂದೀತು, ಬಳಸಲು ಬರುತ್ತದೆ ಎಂದೇನಿಲ್ಲ. ಎಡವುವುದು ಹೆಚ್ಚಾಗಿ ಜೊತೆಪದದಲ್ಲಿ. ಕನ್ನಡದಲ್ಲಿ ತಪ್ಪನ್ನೂ ಮಾಡುತ್ತೇವೆ, ಹೋಂವರ್ಕನ್ನೂ ಮಾಡುತ್ತೇವೆ. ಆ 'ಮಾಡು' ಇಂಗ್ಲಿಷಿಗೆ ಹೋದಾಗ 'ಡು ಎ ಮಿಸ್ಟೇಕ್' ಆಗುತ್ತದೆ. 'ಜೋರು ಮಳೆ' 'ಸ್ಟ್ರಾಂಗ್ ರೇನ್' ಆಗುತ್ತದೆ. ಆದ್ದರಿಂದ ಮಿಸ್ಟೇಕ್ ಎಂಬ ಒಂಟಿ ಪದಕ್ಕೆ ಕಾರ್ಡಿಲ್ಲ, 'ಮೇಕ್ ಎ ಮಿಸ್ಟೇಕ್' ಇಡಿಯಾಗಿ ಒಂದು ಕಾರ್ಡು, 'ಹೆವಿ ರೇನ್' ಒಂದು. ವಾರದ ಕೊನೆಯ ಪೀರಿಯಡ್ಡಿನಲ್ಲಿ ಎಂಟರಿಂದ ಮೂರನ್ನು ಆರಿಸಿ ತಮ್ಮ ಬಗ್ಗೆಯೇ ನಿಜವಾದ ಮೂರು ವಾಕ್ಯ ಬರೆಯಬೇಕು. 'ನಿಜವಾದ' ಎಂಬ ಷರತ್ತು ಇಲ್ಲದಿದ್ದರೆ ಗೈಡಿನ ವಾಕ್ಯಗಳು ಬರುತ್ತವೆ.

ಕನ್ನಡದ ಒಳಗೇ ಇರುವ ಇಂಗ್ಲಿಷ್ ಪದಗಳು ದೊಡ್ಡ ಅನುಕೂಲ. ಬ್ಯಾಟರಿ, ಸ್ವಿಚ್, ಟಿಕೆಟ್‌ಗೆ ಅರ್ಥ ಹೇಳುವಂತಿಲ್ಲ, ಕಾಗುಣಿತ ಸಾಕು. ಅರ್ಥ ಅರ್ಧ ಮಾತ್ರ ದಾಟಿ ಬಂದವನ್ನು ಬೇರೆ ಇಡುತ್ತೇನೆ: ನಮಗೆ 'ಕರೆಂಟ್' ಎಂದರೆ ವಿದ್ಯುತ್ತು ಅಷ್ಟೇ, ಪಾಠದಲ್ಲಿ ಅದು ನದಿಯ ಸೆಳವೂ ಆಗಬಹುದು, 'ಸದ್ಯದ' ಎಂದೂ ಆಗಬಹುದು.

ಚಿತ್ರ, ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಸ್ತುಗಳಿಗೆ ಚಿತ್ರ ಒಳ್ಳೆಯದು, 'ಆಲ್‌ದೋ'ಗೆ ಯಾವ ಚಿತ್ರವೂ ಒದಗುವುದಿಲ್ಲ. ಬಿಂಗೋ ಆಡಿಸಿದರೆ ಪದ ಕೂಗಬೇಡಿ, ಅರ್ಥ ಕೂಗಿ.

ತಿಂಗಳ ಪರೀಕ್ಷೆ 20 ಅಂಕಕ್ಕೆ: ಖಾಲಿ ಜಾಗಕ್ಕೆ 10, ಸ್ವಂತ ವಾಕ್ಯಕ್ಕೆ 6, ಕಾಗುಣಿತಕ್ಕೆ ಪ್ರತ್ಯೇಕವಾಗಿ 4. ಅರ್ಥ ಗೊತ್ತಿದ್ದೂ 'ನೆಸೆಸರಿ'ಗೆ ಎರಡು ಸಿ, ಒಂದು ಎಸ್ ಹಾಕಿದವರು ಒಂದು ಅಂಕ ಕಳೆದುಕೊಳ್ಳಲಿ, ಪೂರ್ತಿ ಉತ್ತರ ಕಳೆದುಕೊಳ್ಳುವುದು ಬೇಡ. 20ರಲ್ಲಿ 14 ಹಳೆಯ ತಿಂಗಳುಗಳ ಕಾರ್ಡುಗಳಿಂದ ಬರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.