ಬೋರ್ಮಾದ ಹೊಗೆ, ಅನುದಾನದ ಅರ್ಜಿ

ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಕಾರ್ಕಳ, ಮೂಡುಬಿದಿರೆ ಕಡೆಯ ಗೇರುಬೀಜದ ಕಾರ್ಖಾನೆಗಳಿಗೆ ಟ್ರೇ, ಟ್ರಾಲಿ, ಬಾಯ್ಲರಿನ ಪೈಪುಗಳನ್ನು ಮಾಡಿಕೊಡುವುದು ನಮ್ಮ ನಿತ್ಯದ ಕೆಲಸ. ಚಿಪ್ಪು ಒಡೆದು ತೆಗೆದ ತಿರುಳನ್ನು, ಅದರ ಮೇಲಿನ ತೆಳು ಸಿಪ್ಪೆ ಸುಲಿಯುವ ಮೊದಲು, ಸುಮಾರು 70 ಡಿಗ್ರಿ ಬಿಸಿಗಾಳಿಯಲ್ಲಿ ಹಲವು ಗಂಟೆ ಒಣಗಿಸುವ ಕೋಣೆಗೆ ಈ ಉದ್ಯಮದಲ್ಲಿ ಬೋರ್ಮಾ ಎನ್ನುತ್ತಾರೆ. ಬೋರ್ಮಾದ ಚಿಮಣಿಯಿಂದ ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯಿಂದಲೇ ಒಳಬರುವ ಗಾಳಿಯನ್ನು ಮೊದಲಿಗೆ ಕಾಯಿಸಿಕೊಳ್ಳುವಂತೆ, ಒಂದು ಪೆಟ್ಟಿಗೆಯೊಳಗೆ ಕೊಳವೆಗಳ ಸಾಲು ಜೋಡಿಸಿ ನೋಡಿದೆ. ಸೌದೆ ಉಳಿಯಿತು. ಅಷ್ಟಕ್ಕೇ ಸರ್ಕಾರ ಅನುದಾನ ಕೊಟ್ಟುಬಿಡುತ್ತದೆ ಎಂದು ನಂಬಿದ್ದು ನನ್ನ ಮೊದಲ ತಪ್ಪು.

ಮೊದಲ ಅರ್ಜಿಯಲ್ಲಿ ಶೇಕಡಾ 30ರಷ್ಟು ಇಂಧನ ಉಳಿತಾಯ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಸಂದರ್ಶನದಲ್ಲಿ ಪರಿಣತರೊಬ್ಬರು, "ಯಾವುದರ ಶೇಕಡಾ 30?" ಎಂದು ಕೇಳಿದರು. ಪೆಟ್ಟಿಗೆ ಇಡುವ ಮೊದಲು ಒಂದು ಕ್ವಿಂಟಲ್ ತಿರುಳಿಗೆ ಎಷ್ಟು ಸೌದೆ ಬೇಕಾಗುತ್ತಿತ್ತು, ಆಗ ತಿರುಳಿನ ತೇವ ಎಷ್ಟಿತ್ತು, ಸೌದೆಯ ತೇವ ಎಷ್ಟಿತ್ತು ಎಂಬ ಯಾವ ಪ್ರಶ್ನೆಗೂ ನನ್ನ ಬಳಿ ಬರೆದಿಟ್ಟ ಉತ್ತರವಿರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಆ ದಿನ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅದಾದ ಮೇಲೆ ನಾಲ್ಕು ತಿಂಗಳು ಹೊಸದಾಗಿ ಏನನ್ನೂ ಕಟ್ಟಲಿಲ್ಲ, ಬರೀ ಅಳೆದೆ. ಪರಿಚಯದ ಕಾರ್ಖಾನೆಯ ಮಾಲಕರನ್ನು ಒಪ್ಪಿಸಿ, ಒಲೆಯ ಪಕ್ಕ ಒಂದು ತೂಕದ ಯಂತ್ರ ಇಟ್ಟು, ಗಾಳಿ ಒಳಬರುವಲ್ಲಿ, ಕೋಣೆಯೊಳಗೆ ಮತ್ತು ಚಿಮಣಿಯಲ್ಲಿ ಬಿಸಿ ಅಳೆಯುವ ಮೂರು ಥರ್ಮೋಕಪಲ್ ಕೂರಿಸಿದೆ. ಒಲೆಗೆ ಬೆಂಕಿ ಹಾಕುವ ಹಿರಿಯರು ಲೆಕ್ಕ ಇಡುತ್ತಿದ್ದುದು ಬುಟ್ಟಿಯಲ್ಲಿ, ಕಿಲೋದಲ್ಲಿ ಅಲ್ಲ. "ಸೌದೆ ಚಂಡಿ (ಒದ್ದೆ) ಇದ್ದರೆ ಎರಡು ಬುಟ್ಟಿ ಹೆಚ್ಚೇ ಬೇಕು ಮಾರಾಯ್ರೇ, ನಿಮ್ಮ ಮಿಷನ್ ಎಂತ ಮಾಡ್ತದೆ?" ಎಂದು ಅವರು ನಕ್ಕಾಗ ನನಗೆ ಹೊಳೆಯಿತು: ಬೇಸಿಗೆಯಲ್ಲಿ ಹಳೆಯ ಬೋರ್ಮಾವನ್ನೂ ಮಳೆಗಾಲದಲ್ಲಿ ಹೊಸ ಪೆಟ್ಟಿಗೆಯನ್ನೂ ಅಳೆದರೆ ಹೋಲಿಕೆಗೆ ಅರ್ಥವೇ ಇಲ್ಲ. ಹಾಗಾಗಿ ಪಕ್ಕಪಕ್ಕದ ಎರಡು ಬೋರ್ಮಾಗಳಿಗೆ ಒಂದೇ ರಾಶಿಯ ಸೌದೆ ಮತ್ತು ಒಂದೇ ಲಾಟಿನ ತಿರುಳು ಹಾಕಿ, ಒಂದಕ್ಕೆ ಮಾತ್ರ ಪೆಟ್ಟಿಗೆ ಜೋಡಿಸಿದೆವು.

ಲೆಕ್ಕ ಬರೆಯುವಾಗ ನಾನೇ ಬೆಚ್ಚಿದೆ. ನೂರು ಕಿಲೋ ತಿರುಳಿನ ತೇವ ಶೇಕಡಾ 7ರಿಂದ 3ಕ್ಕೆ ಇಳಿಯಬೇಕಾದರೆ ಹೊರಹೋಗಬೇಕಾದ ನೀರು ಸುಮಾರು 4 ಕಿಲೋ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್, ಅಂದರೆ ಮುಕ್ಕಾಲು ಯೂನಿಟ್ ವಿದ್ಯುತ್ತಿಗಿಂತಲೂ ಕಡಿಮೆ ಶಕ್ತಿ ಸಾಕು. ತಿರುಳನ್ನು ಬಿಸಿ ಮಾಡಲು ಬೇಕಾದದ್ದನ್ನು ಸೇರಿಸಿದರೂ ಇಷ್ಟೆಲ್ಲ ಒಂದೂವರೆ ಕಿಲೋ ಒಣ ಸೌದೆಯೊಳಗೆ ಮುಗಿಯಬೇಕು. ನಮ್ಮ ತೂಕದ ಯಂತ್ರ ತೋರಿಸಿದ್ದು ಅದರ ಹತ್ತು ಪಟ್ಟಿಗೂ ಹೆಚ್ಚು. ಉಳಿದದ್ದೆಲ್ಲ ಚಿಮಣಿಯಲ್ಲಿ, ಗೋಡೆಯಲ್ಲಿ, ಬಾಗಿಲಿನ ಸಂದಿನಲ್ಲಿ ಸೋರಿಹೋಗುತ್ತಿತ್ತು. ಎರಡನೆಯ ಅರ್ಜಿಯ ಮೊದಲ ಪುಟದಲ್ಲಿ ಯಂತ್ರದ ಚಿತ್ರ ಇರಲಿಲ್ಲ, ಈ ಲೆಕ್ಕವಿತ್ತು. ಪೆಟ್ಟಿಗೆಯ ಉಳಿತಾಯ ಶೇಕಡಾ 30 ಅಲ್ಲ, 19 ಎಂದು ಬರೆದೆ.

ಯೋಜನೆ ಆರಿಸುವುದರಲ್ಲಿಯೂ ಎಡವಿದ್ದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ ಎಂದು ಆಸೆಪಟ್ಟೆ, ಆದರೆ ಅದು ನೋಂದಾಯಿತ ಸ್ಟಾರ್ಟಪ್‌ಗಳಿಗೆ. ನನ್ನದು ಒಬ್ಬನ ಹೆಸರಿನ ಶೆಡ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್, ಕೈಗೆ ಸಿಗುವ ವಸ್ತುವಿನ ಮಾದರಿ ಕಟ್ಟುವ ವ್ಯಕ್ತಿಗೂ 10 ಲಕ್ಷದವರೆಗೆ ನೆರವು ನೀಡುತ್ತದೆ. ಅದು ನನ್ನ ಅಳತೆಗೆ ಹೊಂದಿತು. ಹಣ ಬರುವುದು ಹೊಸ ಉದ್ಯಮಗಳಿಗೆ ಆಸರೆಯಾಗುವ ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ. ಸುರತ್ಕಲ್, ನಿಟ್ಟೆ, ಮಣಿಪಾಲ ಮೂರೂ ಕಡೆ ಅಂಥ ಕೇಂದ್ರಗಳಿರುವುದು ನಮ್ಮ ಜಿಲ್ಲೆಗಳ ಪುಣ್ಯ, ಆದರೆ ಯಾವ ಕೇಂದ್ರಕ್ಕೆ ಯಾವ ಯೋಜನೆಯ ಹೊಣೆ ಇದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಸಂದರ್ಶನಕ್ಕೆ ಹೋಗುವ ಮೊದಲು ಪೇಟೆಂಟಿಗೆ ತಾತ್ಕಾಲಿಕ ವಿವರಣೆ ಸಲ್ಲಿಸಿದ್ದೆ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಸಲ್ಲಿಕೆಗೆ 1,600 ರೂಪಾಯಿ; ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ; ಪೂರ್ಣ ವಿವರಣೆಗೆ 12 ತಿಂಗಳ ಗಡುವು.

ಅಂದಾಜುಪಟ್ಟಿಯಲ್ಲಿ ನಾನು ಮಾಡಿದ ಎಡವಟ್ಟು ಇನ್ನೂ ನೋಯಿಸುತ್ತದೆ. ಮೂರು ಕಡೆಯ ಕೊಟೇಶನ್‌ಗಳಲ್ಲಿ ಅತಿ ಕಡಿಮೆಯದನ್ನು ಹಾಕಿದೆ. ಕೆಳಗೆ ಸಣ್ಣಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದಿದ್ದುದನ್ನು ಓದಲಿಲ್ಲ. ಶೇಕಡಾ 18 ನನ್ನ ಜೇಬಿನಿಂದಲೇ ಹೋಯಿತು, ಏಕೆಂದರೆ ಮಂಜೂರಾದ ಮೊತ್ತ ಒಂದು ರೂಪಾಯಿಯೂ ಮೇಲೇರುವುದಿಲ್ಲ. ಇನ್ನು, ಹಣ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಖರ್ಚಿಗೆ ಲೆಕ್ಕಪರಿಶೋಧಕರ ಸಹಿಯುಳ್ಳ ಬಳಕೆ ಪ್ರಮಾಣಪತ್ರ ಹೋಗುವವರೆಗೆ ಎರಡನೆಯದು ಕದಲುವುದಿಲ್ಲ. ಇದಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆದದ್ದರಿಂದ ನಾನು ಬಚಾವಾದೆ. ವೆಲ್ಡಿಂಗ್ ರಾಡಿನ ಚಿಲ್ಲರೆ ಬಿಲ್ಲುಗಳನ್ನೂ ದಿನಾಂಕದ ಕ್ರಮದಲ್ಲಿ ಅಂಟಿಸಿಟ್ಟಿದ್ದೆ.

ಎರಡನೆಯ ಕಂತಿನ ಬಹುಪಾಲು, ಅರ್ಜಿಯಲ್ಲಿ ನಾನು ಊಹಿಸಿಯೇ ಇರದ ಒಂದು ಕೆಲಸಕ್ಕೆ ಬೇಕಾಯಿತು. ಸೌದೆಯ ಜೊತೆ ಗೇರುಚಿಪ್ಪು ಉರಿಸಿದಾಗ ಅದರ ಎಣ್ಣೆಯ ಹೊಗೆ ಕೊಳವೆಗಳಿಗೆ ಡಾಂಬರಿನಂತೆ ಅಂಟಿ, ಮೂರು ವಾರಗಳಲ್ಲಿ ಗಾಳಿಯ ದಾರಿ ಅರ್ಧ ಮುಚ್ಚಿತ್ತು. ಬದಲಾವಣೆಗೆ ಲಿಖಿತ ಒಪ್ಪಿಗೆ ಕೇಳಿದೆ, ಸಿಕ್ಕಿತು. ಈಗಿನ ಪೆಟ್ಟಿಗೆಯ ಒಂದು ಪಕ್ಕ ಬಾಗಿಲಿನಂತೆ ತೆರೆಯುತ್ತದೆ, ಭಾನುವಾರ ಒಲೆ ಆರಿದ ಮೇಲೆ ಅದೇ ಹಿರಿಯರು ಉದ್ದ ಹಿಡಿಯ ತಂತಿಬ್ರಷ್ ಹಾಕಿ ಕೊಳವೆಗಳನ್ನು ಒಂದೊಂದಾಗಿ ಉಜ್ಜುತ್ತಾರೆ.